ಅಮ್ಮನಿಗಿಂತ ಮೊದಲು ತಲುಪಿದ ಚಪ್ಪಲಿ

“ರೈಟ್, ಪೋಯಿ!” ಎಂದು ಕಂಡಕ್ಟರ್ ಬಸ್ಸು ಹೊರಡಿಸಲು ಸೀಟಿ ಊದಿದಾಗ ಅಮ್ಮನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು, ಇನ್ನೊಂದು ರಸ್ತೆಯಲ್ಲಿತ್ತು. ಮುಂಬಯಿ ರೈಲಿನಿಂದ ಇಳಿದು, ಉಡುಪಿಯ ಇಂದ್ರಾಳಿ ರೈಲು ನಿಲ್ದಾಣದಿಂದ ಮುಖ್ಯರಸ್ತೆಯವರೆಗೆ ಚೀಲ ಹೊತ್ತು ಬಂದಿದ್ದೆವು. ನಾನು ತೋಳು ಹಿಡಿದು ಎಳೆಯದಿದ್ದರೆ ಅಮ್ಮ ಚಕ್ರದಡಿಗೇ ಬೀಳುತ್ತಿದ್ದರು. ಎಡಗಾಲಿನ ಚಪ್ಪಲಿ ಮಾತ್ರ ಬಸ್ಸಿನೊಂದಿಗೆ ಹೋಯಿತು.

ಹಿಂದೆಯೇ ಬಂದ ಇನ್ನೊಂದು ಬಸ್ಸು ಹತ್ತಿ ಉಡುಪಿಯ ಸಿಟಿ ಬಸ್‌ಸ್ಟ್ಯಾಂಡಿಗೆ ಬಂದರೆ, ಮೊದಲಿನ ಬಸ್ಸು ಅಲ್ಲಿ ಆರಾಮವಾಗಿ ನಿಂತಿದೆ! ಕಂಡಕ್ಟರ್ ಚಾ ಕುಡಿಯುತ್ತಿದ್ದಾನೆ.

“ಅಷ್ಟು ಅರ್ಜೆಂಟ್ ಎಂತದು ಮಾರಾಯ ನಿನಗೆ?” ಎಂದು ರೇಗಿದೆ.

“ಎಂತ ಮಾಡುದು ಅಕ್ಕ, ನಿಂತರೆ ಹಿಂದಿನ ಬಸ್ಸಿನವ ಓವರ್‌ಟೇಕ್ ಮಾಡ್ತಾನಲ್ವಾ?” ಎನ್ನುತ್ತಾ ಅವನು ಸೀಟಿನಡಿಯಿಂದ ಚಪ್ಪಲಿ ತೆಗೆದುಕೊಟ್ಟ. “ನೋಡಿ, ಜಾಗ್ರತೆ ಇಟ್ಟಿದ್ದೇನೆ.”

ಅಮ್ಮ ಚಪ್ಪಲಿ ಮೆಟ್ಟಿಕೊಂಡು ಅವನಿಗೆ ಥ್ಯಾಂಕ್ಸ್ ಬೇರೆ ಹೇಳಿದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಒಂದು ಹಳೇ ಚಪ್ಪಲಿಯನ್ನು ಅಷ್ಟು ಜೋಪಾನವಾಗಿ ಪೇಟೆ ಮುಟ್ಟಿಸಿದವನಿಗೆ, ಅದನ್ನು ಹಾಕಿಕೊಂಡಿದ್ದವರು ಇನ್ನೊಂದು ಕಾಲು ಎತ್ತಿಡುವಷ್ಟು ಹೊತ್ತು ಕಾಯಲಾಗಲಿಲ್ಲ.