ಅಕ್ಕನ ಬೆಟ್ಟದ ಮೇಲೆ ಸೌನಾ ಕಟ್ಟಿದ್ದು

ನಾನು ಪಾಠ ಮಾಡುವ ಶಾಲೆಗೆ ಏಪ್ರಿಲ್ ರಜೆ ಬಿದ್ದ ಮಾರನೆಯ ಬೆಳಿಗ್ಗೆ ನಾನು ಪಂಗಾನಿ ಬಡಾವಣೆಯ ಮನೆಯಿಂದ ಕಾರು ಹೊರಡಿಸಿದ್ದು ಮಗಳನ್ನು ಎಳೆದುಕೊಂಡು ಬರುವುದಕ್ಕೆ. ಗಂಡನಿಗೆ ‘ಕರೆದುಕೊಂಡು ಬರ್ತೀನಿ’ ಎಂದು ಹೇಳಿದ್ದೆ. ಅವರು ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರು, ಜಗಳವೆಂದರೆ ಆಗದ ಮನುಷ್ಯ. “ಅಕ್ಕನ ಹತ್ರ ಸಮಾಧಾನವಾಗಿ ಮಾತಾಡು” ಎಂದು ಗೇಟಿನವರೆಗೂ ಬಂದು ಹೇಳಿದರು. ನನಗೆ ಸಮಾಧಾನದ ಯೋಚನೆಯೇ ಇರಲಿಲ್ಲ.

ಆಗಿದ್ದಿಷ್ಟು. ಫಾರ್ಮಸಿ ಓದುತ್ತಿದ್ದ ಮಗಳು ಎರಡನೆಯ ವರ್ಷದ ನಡುವೆ ಕಾಲೇಜು ಬಿಟ್ಟಿದ್ದಳು. ನಮಗೆ ಹೇಳಿರಲಿಲ್ಲ. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟವಳು ಮಟಾಟು ವ್ಯಾನು ಹತ್ತಿ ಕಸರಾನಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಹೋಗಿ ಕೂರುತ್ತಿದ್ದಳು. ಅಕ್ಕನಿಗೆ ಮೊದಲ ದಿನದಿಂದ ಗೊತ್ತಿತ್ತು. ನನ್ನ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಹಬ್ಬ, ಅಡುಗೆ, ಮಳೆ ಎಲ್ಲ ಮಾತಾಡುತ್ತಿದ್ದವಳು ಇದೊಂದರ ಬಗ್ಗೆ ಬಾಯಿ ಬಿಡಲಿಲ್ಲ. ವಿಷಯ ತಿಳಿದ ದಿನ ನಾನು ಮಗಳಿಗೆ, ಕಾಲೇಜಿಗೆ ವಾಪಸ್ಸು ಹೋಗುವವರೆಗೆ ಈ ಮನೆಯೊಳಗೆ ಕಾಲಿಡಬೇಡ ಎಂದೆ. ಯಾವ ತಾಯಿಯಾದರೂ ಅನ್ನುವ ಮಾತು ಅದು. ಅವಳು ಬಟ್ಟೆ ತುಂಬಿಕೊಂಡು ದೊಡ್ಡಮ್ಮನ ಹತ್ತಿರ ಹೋದಳು. ಅಕ್ಕ ಕಸರಾನಿಯ ಮನೆ ಖಾಲಿ ಮಾಡಿ, ಅವಳನ್ನೂ ಕಟ್ಟಿಕೊಂಡು ಕಾಡಿಗೆ ಹೋದಳು.

ಕಾಡು ಎಂದರೆ ಕಾಡೇ. ಥಿಕಾ ರಸ್ತೆ ಬಿಟ್ಟು, ಚಹಾ ತೋಟಗಳೆಲ್ಲ ಮುಗಿದು, ಅಬರ್ಡೇರ್ ಬೆಟ್ಟದ ಮರಗಳು ಶುರುವಾಗುವ ಅಂಚಿನಲ್ಲಿ ಅವಳು ಇಳಿಜಾರಿನ ಒಂದು ತುಂಡು ಜಾಗವನ್ನು ಲೀಸಿಗೆ ಹಿಡಿದಿದ್ದಳು. ಅಕ್ಕ ಫಿಸಿಯೋಥೆರಪಿಸ್ಟ್. ಗಂಡನಿಂದ ದೂರವಾದ ಮೇಲೆ ಕೆಲವು ಕಾಲ ಫಿನ್‌ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡಿ ಬಂದಿದ್ದಳು. ಅಲ್ಲಿಂದ ತಂದದ್ದು ಸೌನಾದ ಹುಚ್ಚು. ಮರದ ದಿಮ್ಮಿಗಳ ಪುಟ್ಟ ಕೋಣೆ, ಒಳಗೆ ಒಲೆ, ಒಲೆಯ ಮೇಲೆ ಕಲ್ಲು, ಕಾದ ಕಲ್ಲಿಗೆ ನೀರೆರಚಿ ಆವಿಯಲ್ಲಿ ಬೆವರುವುದು. ಅಲ್ಲಿಯ ಹಳಬರು ಮೊದಲು ಸೌನಾ ಕಟ್ಟಿ, ಅದರಲ್ಲೇ ಇದ್ದುಕೊಂಡು ಆಮೇಲೆ ಮನೆ ಕಟ್ಟುತ್ತಿದ್ದರಂತೆ. ಇವಳೂ ಹಾಗೇ ಮಾಡುವವಳು. ಇಲ್ಲಿ ಚಳಿಗಾಲ ಶುರುವಾಗುವುದು ಜೂನಿನಲ್ಲಿ, ಅಷ್ಟರೊಳಗೆ ಮುಗಿಯಬೇಕು. ಕರೆಸಿದ್ದ ಫುಂಡಿ, ಅಂದರೆ ಸ್ವಾಹಿಲಿಯಲ್ಲಿ ಬಡಗಿ, ಮಳೆಗೂ ಅಕ್ಕನ ಬಾಯಿಗೂ ಬೇಸತ್ತು ಬಿಟ್ಟುಹೋಗಿದ್ದ.

ನಾನು ಹೋದಾಗ ಮಳೆ ಹನಿಯುತ್ತಿತ್ತು. ಕಾರು ಕೆಸರಿನಲ್ಲಿ ಹೂತು, ಕೊನೆಯ ಏರನ್ನು ನಡೆದೇ ಹತ್ತಿದೆ. ದಾರಿಯ ಎರಡೂ ಬದಿಗೆ ತುರಿಕೆ ಗಿಡ. ಮೇಲೆ ಒಂದು ತಗಡಿನ ಶೆಡ್ಡು, ಸೊಂಟದೆತ್ತರಕ್ಕೆ ಎದ್ದ ದಿಮ್ಮಿಯ ಗೋಡೆ, ಗೋಡೆಯ ಪಕ್ಕ ಮೊಣಕಾಲವರೆಗೆ ಕೆಸರಾಗಿದ್ದ ಅಕ್ಕ. ತಿಂಗಳುಗಳ ಮೇಲೆ ನನ್ನ ಮುಖ ನೋಡಿ ಅವಳು ಆಡಿದ ಮೊದಲ ಮಾತು:

“ಬಂದ್ಯಾ? ಆ ತುದಿ ಹಿಡ್ಕೋ.”

“ನಾನು ಹಿಡ್ಕೊಳ್ಳೋಕೆ ಬಂದಿಲ್ಲ. ನನ್ನ ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ.”

“ಹಾಗಿದ್ರೆ ಮಳೇಲಿ ನಿಂತಿರು.”

ಮಗಳು ಶೆಡ್ಡಿನಿಂದ ಹೊರಗೆ ಬಂದಳು. ತೆಳ್ಳಗಾಗಿದ್ದಳು. ಕೂದಲಿಗೆಲ್ಲ ಮರದ ಅಂಟು. ನಡಿ ಹೊರಡು ಎಂದೆ. ಅವಳು ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಆವತ್ತೂ ಹಾಗೇ. ಸೂರು ಹಾಕುವವರೆಗೆ ಬರುವುದಿಲ್ಲ, ದೊಡ್ಡಮ್ಮ ಒಬ್ಬಳೇ ಇದನ್ನು ಎತ್ತಲಾರಳು ಎಂದಳು.

“ಸೂರು ಹಾಕಿದ್ ಮೇಲೆ ಬರ್ತೀಯಾ?”

“ವಿ ವಿಲ್ ಟಾಕ್, ಅಮ್ಮ.”

ಮಾತಾಡೋಣ ಎಂದದ್ದನ್ನು ನಾನು ಬರುತ್ತೇನೆ ಎಂದು ಕೇಳಿಸಿಕೊಂಡೆ. ಹಾಗಿದ್ದರೆ ಈ ದರಿದ್ರ ಗೂಡನ್ನು ಬೇಗ ಮುಗಿಸುವುದೇ ದಾರಿ. ಚಪ್ಪಲಿ ಬಿಟ್ಟು ಅಕ್ಕನ ಹಳೆಯ ಗಂಬೂಟು ಹಾಕಿಕೊಂಡೆ. ರಜೆ ಮುಗಿಯುವವರೆಗೆ ಅಲ್ಲೇ ಉಳಿದೆ. ಆಮೇಲೂ ಪ್ರತಿ ಶನಿವಾರ ಹೋದೆ. ಅಕ್ಕನ ಮೇಲಿನ ಪ್ರೀತಿಗೆ ಹೋದೆ ಎಂದು ಯಾರೂ ತಿಳಿಯಬಾರದು.

ಆ ಜಾಗಕ್ಕೆ ನಾವು ಬೇಕಿರಲಿಲ್ಲ. ಒಣಗಿಸಿ ಜೋಡಿಸಿಟ್ಟ ಸೈಪ್ರೆಸ್ ದಿಮ್ಮಿಗಳು ಮತ್ತೆ ನೆನೆದು ಭಾರವಾಗುತ್ತಿದ್ದವು. ಹೊತ್ತಿಸಿದ ಬೆಂಕಿ ಹತ್ತು ಸಲ ಆರಿದ ಮೇಲೆ ಒಂದು ಸಲ ಹತ್ತಿಕೊಳ್ಳುತ್ತಿತ್ತು. ಮಂಗಗಳು ನಮ್ಮ ಬ್ರೆಡ್ಡು ಕದ್ದು, ಮರದ ಮೇಲೆ ಕೂತು ನಮ್ಮನ್ನೇ ನೋಡುತ್ತ ತಿನ್ನುತ್ತಿದ್ದವು. ಒಂದು ಮಧ್ಯಾಹ್ನ ನಾನು ಗೋಡೆಯ ಮೇಲೆ ಕವಲುಗಾಲು ಹಾಕಿ ಕೂತು ಉಳಿಯಲ್ಲಿ ಕೊರೆಯುತ್ತಿದ್ದಾಗ ಸಿಯಾಫು ಇರುವೆಗಳ ದಂಡು ಬೂಟಿನೊಳಗಿಂದ ತೊಡೆಯವರೆಗೆ ಹತ್ತಿತು. ಸದ್ದಿಲ್ಲದೆ ಹತ್ತಿ, ಎಲ್ಲ ಒಟ್ಟಿಗೆ ಕಚ್ಚುವ ಜಾತಿ ಅವು. ನಾನು ಕಿರುಚುತ್ತ ಇಳಿದು ಸಲ್ವಾರು ಕಿತ್ತೆಸೆದು ಮಳೆಯಲ್ಲಿ ಕುಣಿದೆ. ಅಕ್ಕ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಬಂದು ಒಂದೊಂದಾಗಿ ಇರುವೆ ಕಿತ್ತಳು. ಅವಳ ಬೆರಳು ನನ್ನ ಕಾಲು ಮುಟ್ಟಿದ್ದಕ್ಕೆ ಇರುವೆ ಕಚ್ಚಿದ್ದಕ್ಕಿಂತ ಹೆಚ್ಚು ಉರಿಯಿತು.

ಕೆಲಸ ಹೇಗೆಂದರೆ, ಕೆಳಗಿನ ದಿಮ್ಮಿಯ ಬೆನ್ನು ಎಲ್ಲಿ ಉಬ್ಬಿದೆಯೋ ಅದನ್ನು ಮೇಲಿನ ದಿಮ್ಮಿಯ ಹೊಟ್ಟೆಗೆ ಗೆರೆ ಎಳೆದು, ಅಷ್ಟನ್ನೇ ಕೊರೆದು ತೆಗೆಯಬೇಕು. ಮೂಲೆಗಳಲ್ಲಿ ಒಂದನ್ನೊಂದು ಕಚ್ಚಿಕೊಳ್ಳುವಂತೆ ಬಟ್ಟಲಿನ ಹಾಗೆ ತೋಡಬೇಕು. ನಡುವೆ ಕುರಿಯ ಉಣ್ಣೆ ತುರುಕಬೇಕು. ನಾನು ಗಣಿತದ ಮೇಷ್ಟರಮ್ಮ, ಅಳತೆ ನನಗೆ ಬಿಡು ಎಂದೆ. ಅಕ್ಕ ಬಿಡಲಿಲ್ಲ. ನಾನು ಗೆರೆ ಎಳೆದರೆ ಅವಳು ಅಳಿಸಿ ಬೇರೆ ಎಳೆಯುವಳು. ಅವಳು ಕೊರೆದ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿದ್ದರೆ ನಾನು ಬೆರಳು ತೂರಿಸಿ ತೋರಿಸುವೆ. “ಉಣ್ಣೆ ಇದ್ಯಲ್ಲ” ಎನ್ನುವಳು. “ನಿನ್ನ ಎಲ್ಲ ತಪ್ಪಿಗೂ ಉಣ್ಣೆ ತುರ್ಕಿದ್ರೆ ಆಯ್ತು” ಎನ್ನುವೆ. ಊಟಕ್ಕೆ ಕೂತಾಗ ಇಬ್ಬರೂ ಮಗಳ ಮೂಲಕವೇ ಉಪ್ಪು ಕೇಳುತ್ತಿದ್ದೆವು.

ಗೋಡೆ ಎದೆಯೆತ್ತರ ದಾಟಿದ ಮೇಲೆ ದಿಮ್ಮಿಯನ್ನು ಕೈಯಲ್ಲಿ ಎತ್ತಲಾಗದು. ಗೋಡೆಗೆ ಎರಡು ಕಂಬ ಓರೆಯಾಗಿ ಒರಗಿಸಿ, ದಿಮ್ಮಿಗೆ ಹಗ್ಗ ಸುತ್ತಿ, ಆ ಕಡೆಯಿಂದ ಇಬ್ಬರು ಒಟ್ಟಿಗೆ ಎಳೆದರೆ ಅದು ಉರುಳುತ್ತ ಮೇಲೇರುತ್ತದೆ. ನಾನೊಂದು ತುದಿ, ಅಕ್ಕ ಒಂದು ತುದಿ. ಕೆಳಗೆ ಮಗಳು ಕೋಲು ಹಿಡಿದು ದಿಮ್ಮಿ ಓರೆಯಾಗದಂತೆ ನೋಡಿಕೊಳ್ಳುತ್ತಿದ್ದಳು.

“ನೀನು ಮುಂದೆ ಹೋಗ್ತಿದೀಯ, ನಿಧಾನ,” ಎಂದಳು ಅಕ್ಕ.

“ನೀನು ಹಿಂದೆ ಬಿದ್ದಿದೀಯ. ಯಾವಾಗ್ಲೂ ನನ್ನ ತಪ್ಪೇನಾ?”

“ಎಳಿಯೋ ಹೊತ್ತಲ್ಲಿ ಮಾತು ಬೇಡ.”

“ಹೂಂ, ಮಾತು ಬೇಡ. ಬಾಯಿ ಮುಚ್ಕೊಂಡಿರೋದು ನಿಂಗೆ ಚೆನ್ನಾಗಿ ಬರುತ್ತೆ. ನಾಕು ತಿಂಗಳು ನನ್ನ ಹತ್ರ ಸುಳ್ಳು ಹೇಳ್ಕೊಂಡು…”

ಅಕ್ಕ ಹಗ್ಗ ಬಿಟ್ಟಳು. ಬೇಕೆಂದೇ ಬಿಟ್ಟಳೆಂದು ನಾನು ಈಗಲೂ ಹೇಳುತ್ತೇನೆ, ಮಳೆಗೆ ಕೈ ಜಾರಿತೆಂದು ಅವಳು ಹೇಳುತ್ತಾಳೆ. ನನ್ನ ತುದಿಯ ಹಗ್ಗ ಅಂಗೈಯ ಚರ್ಮ ಸುಲಿದುಕೊಂಡು ಹೋಯಿತು. ದಿಮ್ಮಿ ಒಂದು ಕಡೆ ಬಿದ್ದು, ತಿರುಗಿ, ಇಳಿಜಾರಿನಲ್ಲಿ ಉರುಳಿತು. ಗೋಡೆಯಾಚೆ ಮಗಳು ನನಗೆ ಕಾಣುತ್ತಿರಲಿಲ್ಲ. ಶಬ್ದ ಮಾತ್ರ ಕೇಳಿತು. ನಾನೂ ಅಕ್ಕನೂ ಎರಡು ಕಡೆಯಿಂದ ಸುತ್ತಿ ಓಡಿದೆವು.

ಅವಳು ತುರಿಕೆ ಗಿಡಗಳ ನಡುವೆ ಬಿದ್ದಿದ್ದಳು. ಹಾರಿಕೊಂಡು ತಪ್ಪಿಸಿಕೊಂಡಿದ್ದಳು. ಮುಖ, ತೋಳು ಎಲ್ಲ ಕೆಂಪಗೆ ದದ್ದು. ಎತ್ತಲು ಹೋದ ನನ್ನ ಕೈಯನ್ನೂ ತಳ್ಳಿದಳು, ಅಕ್ಕನ ಕೈಯನ್ನೂ ತಳ್ಳಿದಳು. ಎದ್ದು ನಿಂತು ಕನ್ನಡದಲ್ಲಿ ಹೇಳಿದಳು, ಮುರುಕು ಮುರುಕಾಗಿ:

“ಸಾಕು. ನೀವು ಇಬ್ರೂ ಜಗಳ ನನ್ನ ಮೇಲೆ ಬೀಳ್ತಾ ಇದೆ. ಹಗ್ಗ ಹಿಡಿದಾಗ ಯಾರೂ ಮಾತಾಡಬಾರ್ದು. ಮಾತಾಡಿದ್ರೆ ನಾನು ಹೋಗ್ತೀನಿ. ಅಮ್ಮನ ಮನೆಗೂ ಅಲ್ಲ, ದೊಡ್ಡಮ್ಮನ ಮನೆಗೂ ಅಲ್ಲ.”

ಆಮೇಲೆ ದಿಮ್ಮಿಗಳು ಮೌನದಲ್ಲಿ ಏರಿದವು. ಲೆಕ್ಕ ಹೇಳುವವಳು ಅವಳೊಬ್ಬಳೇ: ಮೋಜ, ಮ್ಬಿಲಿ, ಟಾಟು. ಸ್ವಾಹಿಲಿಯ ಒಂದು, ಎರಡು, ಮೂರು. ನಾವಿಬ್ಬರೂ ಅವಳ ಟಾಟುವಿಗೆ ಎಳೆಯುತ್ತಿದ್ದೆವು. ಅಕ್ಕನ ಉಸಿರು ನನ್ನ ಪಕ್ಕದಲ್ಲೇ ಕೇಳುತ್ತಿತ್ತು, ಮುಖ ನೋಡುತ್ತಿರಲಿಲ್ಲ.

ಮೇ ಕೊನೆಯಲ್ಲಿ ತಗಡಿನ ಸೂರು ಹೊದಿಸಿದೆವು. ಕಸರಾನಿಯ ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಡ್ರಮ್ಮಿನಿಂದ ಮಾಡಿಸಿದ ಒಲೆಯನ್ನು ನಾನೇ ಕಾರಿನಲ್ಲಿ ತಂದೆ. ಮೊದಲ ಬೆಂಕಿ ಹಾಕಿದ ಶನಿವಾರ ಹೊರಗೆ ಮಂಜು ಮರಗಳ ಬುಡದವರೆಗೆ ಇಳಿದಿತ್ತು. ಒಳಗೆ ಮೂವರೂ ಹಲಗೆಯ ಮೇಲೆ ಹಳೆಯ ಸೀರೆ ಸುತ್ತಿಕೊಂಡು ಕೂತೆವು. ಅಕ್ಕ ಸೌಟಿನಲ್ಲಿ ನೀರೆರಚಿದಳು. ಕಲ್ಲು ಬುಸುಗುಟ್ಟಿ, ಕಿವಿಯ ತುದಿ ಸುಡುವಂಥ ಆವಿ ತಲೆಯ ಮೇಲಿಂದ ಇಳಿಯಿತು.

“ನಮ್ಮ ಬಚ್ಚಲು ಮನೆ ಹಂಡೆ ಒಲೆ ಮುಂದೆ ಕೂತ ಹಾಗಿದೆ. ಇದಕ್ಕೆ ಇಷ್ಟೆಲ್ಲ ಬೇಕಿತ್ತಾ?” ಎಂದೆ.

ಅಕ್ಕ ಒಲೆಗೆ ಒಂದು ಕೊರಡು ತಳ್ಳಿದಳು. “ನಾನು ಅವಳನ್ನ ಕದೀಲಿಲ್ಲ ಕಣೇ. ಬಾಗಿಲಿಗೆ ಬಂದ್ಲು, ತೆಗೆದೆ,” ಎಂದಳು.

“ಮುಚ್ಚಬಹುದಿತ್ತು. ವಾಪಸ್ಸು ನನ್ನ ಹತ್ರ ಕಳಿಸಬಹುದಿತ್ತು.”

“ನೀನು ಮುಚ್ಚಿದ್ದೆ. ನಾನೂ ಮುಚ್ಚಿದ್ರೆ ಎಲ್ಲಿಗೆ ಹೋಗ್ತಿತ್ತು ಮಗು?”

“ಅದಕ್ಕೂ ಮುಂಚೆ? ನಾನು ಮುಚ್ಚೋಕೆ ಮುಂಚೆ ನಾಕು ತಿಂಗಳು ನೀನು ಯಾಕೆ ಹೇಳಲಿಲ್ಲ?”

ಅಕ್ಕ ಮತ್ತೊಂದು ಸೌಟು ನೀರು ಎರಚಿದಳು. ಮುಖ ಮುಚ್ಚಿಕೊಂಡೆ. ಬೆವರೋ ಅಳುವೋ, ಎರಡೂ ಒಂದೇ ಉಪ್ಪು. ಅಕ್ಕ ಅಳುತ್ತಿದ್ದಳೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ.

ನಾನು ಎದ್ದು ಹೊರಗೆ ಬಂದೆ, ಮಗಳೂ ಹಿಂದೆಯೇ ಬಂದಳು. ಇಬ್ಬರ ಮೈಯಿಂದಲೂ ಹಬೆಯಾಡುತ್ತಿತ್ತು. ಸೂರು ಹಾಕಿಯಾಯಿತು, ಈಗ ಮಾತಾಡೋಣ ಎಂದೆ. ಅವಳು ನಿಂತುಕೊಂಡೇ ಹೇಳಿದಳು. ಫಾರ್ಮಸಿಗೆ ಹೋಗುವುದಿಲ್ಲ. ಮರಗೆಲಸ ಕಲಿಸುವ ಒಂದು ಸಂಸ್ಥೆಯಲ್ಲಿ ಸೀಟು ಕೇಳಿದ್ದಾಳೆ. ಸಿಗುವವರೆಗೆ ಇಲ್ಲೇ, ಮನೆಯ ಗೋಡೆ ಎಬ್ಬಿಸುತ್ತಾಳೆ.

“ನನ್ನ ಜೊತೆ ಬರಲ್ಲ?”

“ನಾಟ್ ಟು ಸ್ಟೇ, ಅಮ್ಮ.”

ಇರುವುದಕ್ಕಲ್ಲ. ನಾನು ಬಟ್ಟೆ ಬದಲಿಸಿ, ಗಂಬೂಟು ಅಲ್ಲೇ ಬಿಟ್ಟು ಚಪ್ಪಲಿ ಹಾಕಿಕೊಂಡೆ. ಅಕ್ಕನಿಗೆ ಹೋಗಿ ಬರುತ್ತೇನೆ ಎಂದು ಹೇಳಲಿಲ್ಲ. ಮಂಜಿನಲ್ಲಿ ದೀಪ ಹಾಕಿಕೊಂಡು ಚಹಾ ತೋಟಗಳ ನಡುವೆ ಇಳಿಯುವಾಗ ಇಡೀ ದಾರಿ ಅವಳನ್ನು ಬೈದೆ. ಗಂಡ ಗೇಟು ತೆಗೆದು ಪಕ್ಕದ ಖಾಲಿ ಸೀಟು ನೋಡಿದರು. ಒಳಗೆ ಹೋಗಿ ಬಿಸಿ ಅನ್ನ ಬಡಿಸಿದರು.

ಜುಲೈನ ಒಂದು ಭಾನುವಾರ ಮಗಳು ಬಂದಳು. ನಾನು ಬಾಗಿಲು ತೆಗೆದೆ. ಕಾಲೇಜಿನ ಮಾತು ಎತ್ತಲಿಲ್ಲ, ಎತ್ತಬಾರದೆಂದು ಹಿಂದಿನ ದಿನವೇ ಗಂಡನಿಗೆ ಮಾತು ಕೊಟ್ಟಿದ್ದೆ. ಸಾರನ್ನ ಉಂಡು ತನ್ನ ಹಳೆಯ ಮಂಚದ ಮೇಲೆ ಸಂಜೆವರೆಗೆ ಮಲಗಿದಳು. ಎದ್ದವಳು ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ತಾಗುವುದನ್ನು ನೋಡಿ, ಚೀಲದಿಂದ ಬಡಗಿಯ ಹತ್ತರಿ ತೆಗೆದು ಅಂಚನ್ನು ನಾಲ್ಕು ಸಲ ಉಜ್ಜಿದಳು. ಬಾಗಿಲು ಸರಿಯಾಗಿ ಕೂತಿತು. ದೊಡ್ಡಮ್ಮನಿಗೆ ಮಂಡಿ ನೋವು, ದಿನಾ ಸೌನಾದಲ್ಲಿ ಕೂರುತ್ತಾಳೆ ಎಂದಳು. ಕೂತುಕೊಳ್ಳಲಿ ಎಂದೆ. ಅಕ್ಕನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಆತುರವೂ ನನಗಿಲ್ಲ. ಮಗಳನ್ನು ಮಟಾಟು ನಿಲ್ಲುವ ಸ್ಟೇಜಿನವರೆಗೆ ಬಿಟ್ಟುಬಂದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು ಅವಳಿಗೆ.