ತೆಂಗಿನ ಪಾಲಿನ ಮೀನು, ಸಾಸಿವೆ ಸೊಪ್ಪಿನ ಘಾಟು

ಕಾರವಾರದಿಂದ ಹೊರಟಾಗ ಬಿಸಿಲಿತ್ತು ಎಂದು ಬರೆಯುತ್ತೇನೆ, ಮೋಡವೂ ಇದ್ದಿರಬಹುದು. ಖಚಿತವಾಗಿ ಗೊತ್ತಿರುವುದು ಇಷ್ಟು: ಬಸ್ಸಿನಲ್ಲಿ ಅಕ್ಕ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ಪಡೆದಳು, ನಾನು ದುಡ್ಡು ಕೊಟ್ಟೆ, ಕಿಟಕಿ ಅವಳಿಗೇ ಸಿಕ್ಕಿತು.

ಅಕ್ಕ ಸುಮನಾ ಕಾರವಾರದಲ್ಲಿ ಊಟದ ಮೆಸ್ಸು ನಡೆಸುತ್ತಾಳೆ. ಚಳಿಗಾಲವಿಡೀ ಅವಳಿಗೆ ಸಾಸಿವೆ ಸೊಪ್ಪು ಕಳಿಸುವವಳು ಅಂಕೋಲೆ ಹತ್ತಿರದ ಮಂಜಗುಣಿಯಲ್ಲಿ ಅದನ್ನು ಬೆಳೆಯುವ ದೇವಿ ಎಂಬ ಹೆಂಗಸು. ಈ ಸಲ ಸೊಪ್ಪಿನ ಘಾಟು ಮೂಗಿಗೇರುವಂತಿತ್ತು. ಊಟಕ್ಕೆ ಬಂದವರು ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು. ಇನ್ನು ಸೊಪ್ಪು ಬೇಡವೆಂದು ಫೋನಿನಲ್ಲಿ ಹೇಳಲು ಅಕ್ಕನಿಗೆ ಮನಸ್ಸಾಗಲಿಲ್ಲ. ಎದುರಿಗೇ ಹೇಳುತ್ತೇನೆಂದು ಹೊರಟವಳು, ಧಾರವಾಡದಲ್ಲಿ ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ನನ್ನನ್ನೂ ಧೈರ್ಯಕ್ಕೆ ಎಳೆದುಕೊಂಡಳು.

ಅಂಕೋಲೆಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಅಲ್ಲಿ ಬನ್ಸು, ಚಹಾ. ಮುಂದೆ ರಿಕ್ಷಾ. ದಾರಿಯುದ್ದಕ್ಕೂ ಅಕ್ಕ, "ಬೇಜಾರು ಮಾಡ್ಕಬೇಡ ದೇವೀ" ಎಂದು ಗೊಣಗುತ್ತ ಮಾತು ಕಟ್ಟುತ್ತಿದ್ದಳು.

ದೇವಿ ಅಂಗಳದಲ್ಲೇ ಹಿಡಿದಳು. "ಬಂದ್ರಿ ಸುಮಕ್ಕ! ಇವ ತಮ್ಮನೋ? ನಿಮ್ಮ ಮೆಸ್ಸಲ್ಲಿ ಇವಂಗೆ ಊಟ ಹಾಕೂದಿಲ್ವ, ಹಿಂಗೆ ಬಡ್ಕಲಾಗಿದ್ದ?"

ಹಿತ್ತಲಲ್ಲಿ ಸಾಸಿವೆಯ ಎರಡು ಪಾತಿಗಳಿದ್ದವು. ಬರೀ ಸೆಗಣಿ ಗೊಬ್ಬರದ ಪಾತಿಯ ಎಲೆ ಜರಡಿಯಂತಾಗಿತ್ತು. ಪಕ್ಕದ ಪಾತಿಯಲ್ಲಿ ತೂತೇ ಕಾಣಲಿಲ್ಲ.

"ಇದ್ಕೆ ಎಂತ ಹಾಕ್ದೆ?" ಎಂದಳು ಅಕ್ಕ.

"ತಾರ್ಲೆ ಮೀನು, ಒಣಗ್ಸಿ ಪುಡಿ ಮಾಡಿದ್ದು. ತೆಂಗಿನ ಪಾಲಿಂದು, ಮರದ ಬುಡಕ್ಕೆ ಅಂತ ಇಟ್ಟದ್ದು. ನಮ್ಮನೆಯವ್ರು ಇನ್ನೂ ಮುಖ ಊದಿಸ್ಕಂಡೇ ಇದ್ರು. ಹೋದ ವರ್ಷ ಹುಳ ತಿಂದ ಸೊಪ್ಪು ಅಂತ ಬೈದವ್ರು ನೀವೇ ಅಲ್ವ?"

ಅಕ್ಕ ನನ್ನ ಮುಖ ನೋಡಿದಳು. ನಾನು ತಿಳಿದಷ್ಟು ಹೇಳಿದೆ. ಮೀನು ಮಣ್ಣಿನಲ್ಲಿ ಕೊಳೆತರೆ ಗಿಡಕ್ಕೆ ಗಂಧಕ ಸಿಗುತ್ತದೆ. ಸಾಸಿವೆ ಜಾತಿಯ ಗಿಡಗಳು ಅದರಿಂದಲೇ ಹುಳಕ್ಕಾಗದ ಘಾಟನ್ನು ಕಟ್ಟಿಕೊಳ್ಳುತ್ತವೆ. ಎಲೆ ಇಡಿಯಾಗಿರುವವರೆಗೆ ಅದು ಸುಮ್ಮನಿರುತ್ತದೆ, ಹುಳ ಕಚ್ಚಿದೊಡನೆ ಎಲೆಯ ಎರಡು ರಸ ಬೆರೆತು ಘಾಟು ಏಳುತ್ತದೆ. ಆದರೆ ಕೆಲವು ಹುಳಗಳು ಆ ವಾಸನೆ ಹಿಡಿದೇ ಬರುವುದುಂಟು. ಒಂದು ಪಾತಿ ನೋಡಿ ಎಲ್ಲಕ್ಕೂ ಮೀನೇ ಕಾರಣ ಎನ್ನಲಾರೆ ಎಂದೂ ಸೇರಿಸಿದೆ.

"ಹಂಗಾರೆ ಇಷ್ಟು ದೂರ ಬಂದದ್ದು ಎಂತಕೆ ತಮ್ಮಾ?" ಎಂದಳು ದೇವಿ.

ಬೇಲಿಯ ಬಳಿ ಇನ್ನೊಂದು ಪಾತಿ ಬಿತ್ತನೆಗೆ ಕಾದಿತ್ತು. ಪಕ್ಕದಲ್ಲಿ ಬಾಯಿ ಕಟ್ಟಿದ ಮೀನಪುಡಿಯ ಚೀಲ. "ನೀವು ಬೇಡ ಅಂದ್ರೆ ಚೀಲ ತೆಂಗಿನ ಬುಡಕ್ಕೆ. ಸಾಸಿವೆ ಬಿತ್ತೂದೇ ಬಿಡ್ತೆ" ಎಂದಳು. ಅಕ್ಕ ಏಕೆ ಬಂದಿದ್ದಾಳೆಂದು ಅವಳಿಗೆ ಆಗಲೇ ತಿಳಿದಿತ್ತು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಅದೇ ಸೊಪ್ಪಿನ ಪಲ್ಯ. ಅಕ್ಕ ಹೆದರುತ್ತಲೇ ಬಾಯಿಗಿಟ್ಟಳು, ಮತ್ತೆ ಹಾಕಿಸಿಕೊಂಡಳು.

"ಇದು ಆ ಮೀನಿನ ಪಾತಿದೇ?"

"ಮತ್ತೆಂತ!"

"ಹೆಂಗೆ ಮಾಡ್ದೆ ಮಾರಾಯ್ತಿ?"

"ಸೊಪ್ಪು ಕೊಚ್ಚದೆ ಇಡಿಯಾಗೇ ಕುದಿಯೂ ನೀರಿಗೆ ಹಾಕಿ ತೆಗ್ದೆ. ಆಮೇಲೆ ಕೊಚ್ಚಿ ಒಗ್ಗರಣೆ."

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. "ನಾವು ಬೆಳಗಾಗ್ತಲೇ ಹಸಿ ಸೊಪ್ಪು ಸಣ್ಣಗೆ ಕೊಚ್ಚಿ ಇಟ್ಬಿಡ್ತೇವಲ್ಲೇ..."

"ಹುಳದ ಕೆಲಸ ನೀನೇ ಮಾಡ್ತಿದ್ದೀಯ ಅಕ್ಕ. ಘಾಟು ಏಳೋದು ಅಲ್ಲೇ. ಮೊದಲು ಕುದಿಸಿದ್ರೆ ಆ ರಸ ಕೆಲಸ ಮಾಡಲ್ಲ" ಎಂದೆ.

ದೇವಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮ ಹಿತ್ಲಲ್ಲಿ ಸಣ್ಣ ಹುಳ. ಕಾರವಾರದಲ್ಲಿ ದೊಡ್ಡದು!"

ರಿಕ್ಷಾದಲ್ಲಿ ಕಟ್ಟಿದ ಮಾತನ್ನು ಅಕ್ಕ ಆಡಲೇ ಇಲ್ಲ. ಹೊರಡುವಾಗ ಬೇಲಿಯ ಕಡೆ ಕೈ ತೋರಿಸಿ, "ಚೀಲ ಬಿಚ್ಚು" ಎಂದಳು, ಅಷ್ಟೇ.

ರಸ್ತೆಯಿಂದ ತಿರುಗಿ ನೋಡಿದೆ. ದೇವಿ ಹೊಸ ಪಾತಿಗೆ ಮೀನಪುಡಿ ಚೆಲ್ಲುತ್ತಿದ್ದಳು. ಅವಳ ಗಂಡ ತೆಂಗಿನ ಮರಕ್ಕೊರಗಿ, ಕೈ ಕಟ್ಟಿ ನಿಂತಿದ್ದ. ಅವಳು ನಡುವೆ ಎದ್ದು ಹೋಗಿ ಅವನ ಕಾಲಬುಡದಲ್ಲಿ, ತೆಂಗಿಗೆಂದು ಒಂದು ಹಿಡಿ ಸುರಿದಳು. ನನಗೆ ನೆನಪಿರುವುದು ಒಂದೇ ಹಿಡಿ. ಅಕ್ಕ ಎರಡು ಎನ್ನುತ್ತಾಳೆ.