ಬಟ್ಟೆಯ ಅಂಚು ಮುಟ್ಟಿದವಳು

ರೂತಮ್ಮ, ಅಂದು ಬೀದಿಯಲ್ಲಿ ನಾನು ಹೇಳಿದ್ದು ಸುಳ್ಳು. ನಿಮ್ಮನ್ನು ಕರೆದವಳು ನಾನೇ. ಒಂದು ದಿನವಲ್ಲ, ಎರಡು ದಿನವಲ್ಲ — ಮಧ್ಯಾಹ್ನ ಅತ್ತೆ ಮಲಗಿದ್ದೇ ತಡ, ಹಿತ್ತಲ ಬಾಗಿಲ ಅಗುಳಿ ತೆಗೆದು ನಿಮ್ಮ ದಾರಿ ಕಾಯುತ್ತಿದ್ದೆ. ಹತ್ತು ವರ್ಷ ಈ ಮಾತನ್ನು ನುಂಗಿಕೊಂಡಿದ್ದೆ. ಇನ್ನು ನುಂಗುವುದಿಲ್ಲ.

ಮಂಡಕಳ್ಳಿಯಿಂದ ಲಷ್ಕರ್ ಮೊಹಲ್ಲಾಕ್ಕೆ ಸೊಸೆಯಾಗಿ ಬಂದವಳು ನಾನು. ಸ್ವಾತಂತ್ರ್ಯ ಬಂದ ಮರುವರ್ಷ ಗೌರಿ ಹುಟ್ಟಿದಳು. ಆಮೇಲೆ ನನ್ನ ಮುಟ್ಟು ನಿಲ್ಲಲೇ ಇಲ್ಲ. ಬೇರೆ ಹೆಂಗಸರು ಮೂರು ದಿನ ಹೊರಗೆ ಕೂತು ಒಳಗೆ ಹೋಗುತ್ತಾರೆ. ನಾನು ಎರಡು ವರ್ಷ ಹಿತ್ತಲ ಜಗಲಿಯಲ್ಲೇ ಕೂತೆ — ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಗೌರಿ ಓಡಿ ಬಂದು ನನ್ನನ್ನು ಮುಟ್ಟಿದರೆ ಅತ್ತೆ ಅವಳ ತಲೆಗೆ ತಣ್ಣೀರು ಸುರಿಯುತ್ತಿದ್ದರು. ಕೊನೆಕೊನೆಗೆ ಮಗು ನನ್ನನ್ನು ಕಂಡರೆ ಬಾಗಿಲ ಹಿಂದೆ ಅಡಗಿಕೊಳ್ಳುತ್ತಿತ್ತು. ಸತ್ತರೆ ಸಾಕು ಎನ್ನಿಸಿದ್ದು ಆಗಲೇ.

ನೀವು ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದಿರಿ, ಆಸ್ಪತ್ರೆಯಲ್ಲಿ ಆಯಾ. ಒಲೆಗೆ ಕೆಂಡ ಕೇಳಲು ಬಂದವರು ನನ್ನ ಚಾಪೆಯ ಮೇಲೆಯೇ ಕೂತುಬಿಟ್ಟಿರಿ. ಬೇಡಿ ಎಂದೆ. "ನಂಗೇನೂ ಅಂಟಾಕಿಲ್ಲ ಕಣವ್ವ, ಬುಡು" ಎಂದು ನನ್ನ ಕೈ ಹಿಡಿದುಕೊಂಡಿರಿ.

ಆಮೇಲೆ ನೀವು ಹೇಳಿದ ಆ ಕಥೆ. ಹನ್ನೆರಡು ವರ್ಷ ನನ್ನ ಹಾಗೆಯೇ ರಕ್ತ ಹೋಗುತ್ತಿದ್ದ ಹೆಂಗಸು. ಯಾರನ್ನೂ ಮುಟ್ಟಬಾರದವಳು ಜನರ ನಡುವೆ ನುಗ್ಗಿ, ಹಿಂದಿನಿಂದ ಯೇಸುವಿನ ಬಟ್ಟೆಯ ಅಂಚು ಮುಟ್ಟಿದಳು, ವಾಸಿಯಾದಳು. ಮುಟ್ಟಿದವರು ಯಾರು ಎಂದು ಆತ ಕೇಳಿದಾಗ ನಡುಗುತ್ತಾ ಮುಂದೆ ಬಂದು ಎಲ್ಲರೆದುರು ಒಪ್ಪಿಕೊಂಡಳು. ಆತ ಗದರಲಿಲ್ಲ.

ಅದೆಷ್ಟು ಸಲ ಹೇಳಿಸಿಕೊಂಡೆನೋ. ಒಪ್ಪಿಕೊಂಡ ಭಾಗಕ್ಕೆ ಮಾತ್ರ ನಾನು ಕಿವಿ ಕೊಡುತ್ತಿರಲಿಲ್ಲ. ಅವಳು ಅಷ್ಟು ಜನರನ್ನು ನೂಕಿಕೊಂಡು ಹೋದಳಲ್ಲ, ನಾನೇಕೆ ಈ ಹೊಸಿಲು ದಾಟಬಾರದು — ಒಂದು ಮಧ್ಯಾಹ್ನ ಯಾರನ್ನೂ ಕೇಳದೆ ನಿಮ್ಮ ಜೊತೆ ಆಸ್ಪತ್ರೆಗೆ ನಡೆದೆ. ಮತ್ತೆ ಮತ್ತೆ ಹೋದೆ. ಮೂರು ತಿಂಗಳಲ್ಲಿ ರಕ್ತ ನಿಂತಿತು. ಡಾಕ್ಟರಮ್ಮನ ಔಷಧಿ ಅನ್ನಲಿ, ಅತ್ತೆಯ ಹರಕೆ ಅನ್ನಲಿ, ಯಾರು ಏನಾದರೂ ಅಂದುಕೊಳ್ಳಲಿ. ನನ್ನನ್ನು ಚಾಪೆಯಿಂದ ಎಬ್ಬಿಸಿದ್ದು ಆ ಕಥೆ. ಎಬ್ಬಿಸಿದವನನ್ನು ನಾನು ನಂಬುತ್ತೇನೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಅಂದು — ನಾನು ಒಳಗೆ ಸೇರಿದ ಮೇಲೆ ಅತ್ತೆ ಹಳೆಯ ಚಾಪೆಯನ್ನು ಸುಡಲು ಎತ್ತಿದಾಗ ನೀವು ಕೊಟ್ಟಿದ್ದ ಯೇಸುವಿನ ಪುಟ್ಟ ಚಿತ್ರ ಕೆಳಗೆ ಬಿತ್ತು. ಅತ್ತೆ ನಿಮ್ಮನ್ನು ಬೀದಿಗೆ ಕರೆಸಿ, ಎಲ್ಲರೆದುರು ನನ್ನನ್ನು ಕೇಳಿದರು. "ಇವಳ್ನ ಮನೆಗೆ ಕರ್ದೋರ್ಯಾರು? ನೀನಾ?"

ಎರಡು ವರ್ಷದ ಮೇಲೆ ಕೈಗೆ ಸಿಕ್ಕ ಮಗು ನನ್ನ ಸೊಂಟದ ಮೇಲಿತ್ತು. ಇದು ನೆಪವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

"ನಾನ್ ಕರೀಲಿಲ್ಲ. ಅವಳೇ ನುಗ್ಗಿ ಬತ್ತಿದ್ಲು" ಎಂದೆ.

ನೀವು ನನ್ನನ್ನೊಮ್ಮೆ ನೋಡಿದಿರಿ. ಅತ್ತೆಯ ಕಡೆ ತಿರುಗಿ, "ಹೂಂ ಕಣಮ್ಮ, ನಾನೇ ಬಂದಿದ್ದು" ಎಂದಿರಿ.

ಆ ವಾರವೇ ನಿಮ್ಮ ಮನೆ ಖಾಲಿ ಮಾಡಿಸಿದರು. ಹೂಟಗಳ್ಳಿ ಕಡೆ ಹೋದಿರೆಂದು ಕೇಳಿದೆ, ಹುಡುಕಲಿಲ್ಲ. ಕಳೆದ ವರ್ಷ ಧೈರ್ಯ ಮಾಡಿ ಬಂದಾಗ ನಿಮ್ಮ ಸಮಾಧಿ ತೋರಿಸಿದರು.

ಮೊನ್ನೆ ಗೌರಿ ದೊಡ್ಡವಳಾದಳು. ಅದೇ ಜಗಲಿಯ ಮೇಲೆ ಅತ್ತೆ ಹೊಸ ಚಾಪೆ ಹಾಸಿ ಅವಳನ್ನು ಕೂರಿಸಿದರು. ನಾನು ಹೋಗಿ ಅದೇ ಚಾಪೆಯ ಮೇಲೆ ಕೂತು ಮಗಳ ಕೈ ಹಿಡಿದುಕೊಂಡೆ. ಅತ್ತೆ ತಣ್ಣೀರಿನ ಬಿಂದಿಗೆ ತಂದರು. ಹಿಂದೆಯೇ ನನ್ನ ಗಂಡನೂ ಬಂದು ನಿಂತರು.

"ಸುರೀರಿ ಅತ್ತೆಮ್ಮ" ಎಂದೆ. "ಆದ್ರೆ ಇದೊಂದ್ ಮಾತು ಕೇಳ್ಬುಟ್ಟು ಸುರೀರಿ. ರೂತಮ್ಮನ್ನ ಕರ್ದೋಳು ನಾನೇ. ನಾನ್ ಬದುಕಿದ್ದು ಅವರ ಕೈಹಿಡ್ದು."

ಸುರಿದರು. ನಾನು ಗೌರಿಯ ಕೈ ಬಿಡಲಿಲ್ಲ.

ರೂತಮ್ಮ, ಆ ಮಾತನ್ನು ಹೇಳಬೇಕಾಗಿದ್ದದ್ದು ನೀವು ಬೀದಿಯಲ್ಲಿ ನಿಂತಿದ್ದ ದಿನ.